ಈಗಲೇ ಬೇಕೆಂಬ ಅಂಕಿ

ಬೆಂಗಳೂರಿನ ಹೊರವರ್ತುಲ ರಸ್ತೆಯ ಇಕ್ಕೆಲಗಳಲ್ಲಿ ಎದ್ದು ನಿಂತಿರುವ ಗಾಜಿನ ಸೌಧಗಳಲ್ಲಿ ಡೇಟಾ ಅನಲಿಟಿಕ್ಸ್ ಎಂಬ ವಿಭಾಗವಿಲ್ಲದ ಸಂಸ್ಥೆ ಈಗ ವಿರಳ. ವ್ಯವಹಾರದಲ್ಲಿ ಕ್ಷಣಕ್ಷಣವೂ ಸಂಚಯವಾಗುವ ಮಾಹಿತಿಯನ್ನು ಶೋಧಿಸಿ, ಜೋಡಿಸಿ, ಎಷ್ಟು ಮಾರಾಟವಾಯಿತು, ಯಾವ ಊರಿನ ಗ್ರಾಹಕರು ಬಿಟ್ಟುಹೋದರು, ಏತಕ್ಕಾಗಿ ಹೋದರು ಎಂಬ ಪ್ರಶ್ನೆಗಳಿಗೆ ಉತ್ತರ ಹೇಳುವುದು ಅಲ್ಲಿನವರ ಕಸುಬು. ಈ ಕಸುಬಿಗೆ ಏಕಾಗ್ರತೆಯು ಅತ್ಯವಶ್ಯಕವಾದರೂ ಅಲ್ಲಿ ಅದು ದುರ್ಲಭ. ಏಕೆಂದರೆ, ಎರಡು ವಾರಗಳ ಕೆಲಸವನ್ನು ಮೊದಲೇ ಗೊತ್ತುಮಾಡಿಕೊಂಡು ಕುಳಿತವರ ಮುಂದೆ, ಯಾವ ಯೋಜನೆಯಲ್ಲಿಯೂ ಸೇರದಿದ್ದ ಪ್ರಶ್ನೆಯೊಂದು ಹಠಾತ್ತನೆ ಬಂದು ನಿಲ್ಲುತ್ತದೆ. "ಸ್ವಲ್ಪ ಅರ್ಜೆಂಟು. ಹೋದ ತಿಂಗಳು ದಿನವಹಿ ಎಷ್ಟು ಆರ್ಡರ್ ಬಂದಿವೆ? ಐದು ಗಂಟೆಗೆ ಮೀಟಿಂಗ್ ಇದೆ." ಗಡಿಯಾರದಲ್ಲಿ ಆಗ ನಾಲ್ಕೂವರೆ.

ಮೇಲುನೋಟಕ್ಕೆ ಇದು ಐದು ನಿಮಿಷದ ಕೆಲಸ. ಆದರೆ ಗಣಕಯಂತ್ರಗಳು ಸಾಮಾನ್ಯವಾಗಿ ಕಾಲವನ್ನು ಯುಟಿಸಿ ಎಂಬ ಜಾಗತಿಕ ಮಾನದಂತೆ ದಾಖಲಿಸುತ್ತವೆ. ಭಾರತೀಯ ಕಾಲವು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿರುವುದು. ಆ ದಾಖಲೆಗಳಿಂದ ಅಂಕಿ ತೆಗೆಯುವ ಆಜ್ಞೆಯನ್ನು, ಅಂದರೆ ಕ್ವೆರಿಯನ್ನು, ಬರೆಯುವವರು ಅವಸರದಲ್ಲಿ ಈ ಅಂತರವನ್ನು ಕೂಡಿಸದೆ ಬಿಟ್ಟರೆ, ಸೋಮವಾರ ಹುಟ್ಟುವ ನಡುರಾತ್ರಿಯಿಂದ ಬೆಳಗಿನ ಐದೂವರೆಯವರೆಗೆ ಬಂದ ಆರ್ಡರುಗಳೆಲ್ಲ ಭಾನುವಾರದ ಲೆಕ್ಕಕ್ಕೆ ಸೇರಿಬಿಡುತ್ತವೆ. ಗ್ರಾಹಕನೊಬ್ಬನು ಒಂದೇ ಆರ್ಡರಿನ ಹಣವನ್ನು ಅರ್ಧ ವ್ಯಾಲೆಟ್ಟಿನಿಂದಲೂ ಅರ್ಧ ಕಾರ್ಡಿನಿಂದಲೂ ತೆತ್ತಿದ್ದರೆ, ಆರ್ಡರುಗಳ ಕೋಷ್ಟಕವನ್ನು ಪಾವತಿಗಳ ಕೋಷ್ಟಕದೊಡನೆ ಜೋಡಿಸಿದೊಡನೆಯೇ ಅದು ಎರಡು ಸಾಲಾಗಿ ಒಡೆದು, ಜಾಗರೂಕತೆಯಿಲ್ಲದಿದ್ದರೆ ಎರಡು ಆರ್ಡರಾಗಿ ಎಣಿಕೆಗೆ ಬರುತ್ತದೆ. ರದ್ದಾದ ಆರ್ಡರುಗಳು ಲೆಕ್ಕಕ್ಕುಂಟೋ ಇಲ್ಲವೋ ಎಂಬುದನ್ನು ಕೇಳಿದವರು ತಿಳಿಸಿಯೇ ಇರುವುದಿಲ್ಲ. ಯಂತ್ರವು ಇದಾವುದಕ್ಕೂ ಆಕ್ಷೇಪಣೆ ಮಾಡದು. ತಪ್ಪು ಅಂಕಿಯೂ ಸರಿಯಾದ ಅಂಕಿಯಷ್ಟೇ ಗಾಂಭೀರ್ಯದಿಂದ ಪರದೆಯ ಮೇಲೆ ಮೂಡುತ್ತದೆ. ಮುಂದಿನ ವಾರ, ಅಂಕಿಗಳನ್ನು ತಾನಾಗಿಯೇ ತೋರಿಸುವ ಡ್ಯಾಶ್‌ಬೋರ್ಡಿನಲ್ಲಿ ಬೇರೊಂದು ಅಂಕಿ ಕಂಡಾಗ, "ಈ ಡೇಟಾದವರ ಲೆಕ್ಕ ಯಾವತ್ತು ಸರಿಯಿತ್ತು?" ಎಂಬ ಮಾತು ಹೊರಡುವುದೇ ಹೊರತು, ಅರ್ಧ ಗಂಟೆಯ ಅವಧಿಯನ್ನು ಯಾರೂ ನೆನೆಯುವುದಿಲ್ಲ.

ಇಂಥ ಕೋರಿಕೆಗಳೆಲ್ಲ ಟಿಕೆಟ್ ಎಂಬ ಲಿಖಿತ ನಮೂದಿನ ಮೂಲಕವೇ ಬರತಕ್ಕದ್ದು, ಸರದಿಯಲ್ಲಿಯೇ ನಿಲ್ಲತಕ್ಕದ್ದು ಎಂದು ವಿಧಿಸುವ ವಿಭಾಗಗಳುಂಟು. ಈ ಪದ್ಧತಿಯಲ್ಲಿ ನನಗೆ ಹೆಚ್ಚಿನ ಆದರವಿಲ್ಲ. ಬೆಳಗಿನಿಂದ ಪಾವತಿಗಳು ವಿಫಲವಾಗುತ್ತಿವೆ, ಯಾವ ಬ್ಯಾಂಕಿನವು ಎಂದು ಕೇಳಿಕೊಂಡು ಬಂದವರಿಗೆ ಮುಂದಿನ ಸೋಮವಾರ ನೋಡೋಣವೆನ್ನುವುದನ್ನು ಶಿಸ್ತೆಂದು ಕರೆಯಲಾಗದು. ಹಾಗೆ ಹಿಂದಿರುಗಿದವರು ಸುಮ್ಮನಿರುವುದೂ ಇಲ್ಲ. ಹಳೆಯ ಎಕ್ಸೆಲ್ ಹಾಳೆಯೊಂದನ್ನು ಹುಡುಕಿ ತೆಗೆದು ತಮ್ಮ ಲೆಕ್ಕವನ್ನು ತಾವೇ ಮಾಡಿಕೊಳ್ಳುತ್ತಾರೆ, ಅಥವಾ ವಿಭಾಗದಲ್ಲಿ ಯಾರು ಇಲ್ಲವೆನ್ನಲಾರರೋ ಅವರಿಗೆ ಖಾಸಗಿಯಾಗಿ ಮೆಸೇಜು ಕಳುಹಿಸುತ್ತಾರೆ. ಅಂಥ ದಾಕ್ಷಿಣ್ಯಪರರ ಹಗಲೆಲ್ಲ ಪರರ ಪ್ರಶ್ನೆಗಳಿಗೆ ಸಂದು, ಸ್ವಂತ ಕೆಲಸವು ರಾತ್ರಿಗೆ ಉಳಿಯುತ್ತದೆ. ಆ ಶ್ರಮವು ಯಾವ ದಾಖಲೆಯಲ್ಲಿಯೂ ಕಾಣದಿರುವುದರಿಂದ, ವರ್ಷಾಂತ್ಯದ ಅಪ್ರೈಸಲ್ಲಿನಲ್ಲಿ ಅವರೇ ಹಿಂದುಳಿಯುವ ವಿಪರ್ಯಾಸವೂ ಅಪರೂಪವಲ್ಲ.

ವಿಚಾರಿಸಿ ನೋಡಿದರೆ ದೋಷದ ಮೂಲವಿರುವುದು ಪ್ರತಿಯೊಬ್ಬರ ಪ್ರತಿಯೊಂದು ಗಂಟೆಯನ್ನೂ ಮುಂಚಿತವಾಗಿ ತುಂಬಿಬಿಡುವ ಯೋಜನೆಯಲ್ಲಿ. ಡೆನ್ಮಾರ್ಕಿನ ಗಣಿತಜ್ಞ ಎ. ಕೆ. ಎರ್ಲಾಂಗ್ ದೂರವಾಣಿ ಕರೆಗಳ ಬರುವಿಕೆಯನ್ನು ಕುರಿತು 1909ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಮೊದಲಾಗಿ ಬೆಳೆದ ಸರದಿಯ ಗಣಿತವು ಇದನ್ನು ಸ್ಪಷ್ಟಪಡಿಸುತ್ತದೆ. ಅದರ ಅತ್ಯಂತ ಸರಳವಾದ ಮಾದರಿಯಂತೆ, ಸರಾಸರಿ ಒಂದು ಗಂಟೆ ಹಿಡಿಯುವ ಕೆಲಸಗಳು ಗೊತ್ತುಗುರಿಯಿಲ್ಲದೆ ಬರುತ್ತಿದ್ದು, ಮಾಡುವವನೊಬ್ಬನೇ ಇದ್ದು, ಅವನ ಹೊತ್ತಿನಲ್ಲಿ ಶೇ. 50 ಭಾಗ ತುಂಬಿದ್ದರೆ, ಹೊಸದಾಗಿ ಬಂದ ಕೆಲಸವು ಸರಾಸರಿ 1 ಗಂಟೆ ಕಾಯಬೇಕು, ಶೇ. 80 ತುಂಬಿದ್ದರೆ 4 ಗಂಟೆ, ಶೇ. 90 ತುಂಬಿದ್ದರೆ 9 ಗಂಟೆ.

ಅಮೆರಿಕದ ಮಿಸೌರಿ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ಸೇಂಟ್ ಜಾನ್ಸ್ ಆಸ್ಪತ್ರೆಯು, ಹೊತ್ತು ತುಂಬಿದಷ್ಟೂ ಕಾಯುವಿಕೆ ಬೆಳೆಯುತ್ತದೆಂಬ ಈ ತತ್ತ್ವವನ್ನು ಅನುಭವದಿಂದ ಕಂಡುಕೊಂಡಿತು. ಅಲ್ಲಿದ್ದ 32 ಶಸ್ತ್ರಚಿಕಿತ್ಸಾ ಕೊಠಡಿಗಳೂ ಮೊದಲೇ ನಿಶ್ಚಯವಾದ ಶಸ್ತ್ರಕ್ರಿಯೆಗಳಿಂದ ತುಂಬಿದ್ದುದರಿಂದ, ಅಪಘಾತದ ರೋಗಿಯೊಬ್ಬನು ಬಂದನೆಂದರೆ ಕಾದಿದ್ದವರು ಹಿಂದೆ ಸರಿಯಬೇಕಾಗಿ, ವೈದ್ಯರು ಅಪರಾತ್ರಿಯಲ್ಲಿಯೂ ಕತ್ತರಿ ಹಿಡಿಯುವ ಪ್ರಸಂಗ ಬರುತ್ತಿತ್ತು. ಒಂದು ಕೊಠಡಿಯನ್ನು ಅನಿರೀಕ್ಷಿತ ರೋಗಿಗಳಿಗೆಂದೇ ಖಾಲಿಯಿಡಿ ಎಂಬ ಸಲಹೆ ಬಂದಾಗ, ಇದ್ದದ್ದೇ ಸಾಲದಿರುವಲ್ಲಿ ಇದೆಂಥ ಉಪಾಯವೆಂದು ಶಸ್ತ್ರವೈದ್ಯರು ವಿರೋಧಿಸಿದರು. ಕೊಠಡಿಯನ್ನು ಬಿಟ್ಟು ನೋಡಿದ ಬಳಿಕ ನಡೆದ ಶಸ್ತ್ರಕ್ರಿಯೆಗಳ ಸಂಖ್ಯೆ ಶೇ. 5ರಷ್ಟು ಹೆಚ್ಚಿತು. ಇಂದು ಯಾರು ಬರುವರೆಂಬುದು ತಿಳಿಯದಿದ್ದರೂ, ಯಾರಾದರೊಬ್ಬರು ಬಂದೇ ಬರುವರೆಂಬುದು ಅವರಿಗೆ ಮೊದಲೇ ತಿಳಿದಿತ್ತಲ್ಲವೇ?

ಅನಲಿಟಿಕ್ಸ್ ವಿಭಾಗದಲ್ಲಿ ಈ ಖಾಲಿ ಕೊಠಡಿಯ ಸ್ಥಾನವನ್ನು ಒಬ್ಬ ವ್ಯಕ್ತಿಯು ವಹಿಸಬಹುದು. ಐವರಿದ್ದರೆ ವಾರಕ್ಕೊಬ್ಬರಂತೆ ಸರದಿಯ ಮೇಲೆ ತುರ್ತಿನ ಬಾಗಿಲು ಕಾಯುವುದು, ಆ ವಾರ ಅವರಿಗೆ ಬೇರೆ ದೊಡ್ಡ ಕೆಲಸ ಹಚ್ಚದಿರುವುದು, ಉಳಿದ ನಾಲ್ವರನ್ನು ಯಾರೂ ನೇರವಾಗಿ ಕೇಳದಿರುವುದು. ಬಂದ ಪ್ರತಿ ಕೋರಿಕೆಯನ್ನೂ, ಎರಡು ನಿಮಿಷದ್ದಾದರೂ ಸರಿ, ಬರೆದಿಡತಕ್ಕದ್ದು. ತಿಂಗಳ ಕೊನೆಯಲ್ಲಿ ಆ ಪಟ್ಟಿಯನ್ನು ಓದಿದರೆ ಒಂದೇ ಪ್ರಶ್ನೆ ಮಾತು ಬದಲಿಸಿಕೊಂಡು ಮರಳಿ ಮರಳಿ ಬಂದಿರುವುದು ಕಾಣುತ್ತದೆ. ಅದಕ್ಕೊಂದು ಡ್ಯಾಶ್‌ಬೋರ್ಡು ಕಟ್ಟಿಕೊಟ್ಟರೆ ಅದು ಮತ್ತೆ ತುರ್ತಾಗಿ ಬರಲಾರದು. ಕೊಡುವ ಅಂಕಿ ಇನ್ನೂ ಪರಿಶೀಲನೆಗೆ ಒಳಪಡದಿದ್ದರೆ, ಹಾಗೆಂದು ಅಂಕಿಯ ಪಕ್ಕದಲ್ಲಿಯೇ ಬರೆಯುವುದಕ್ಕೆ ಸಂಕೋಚಪಡಬಾರದು.

ಓದುಗರಲ್ಲಿ ಅಂಕಿಗಳನ್ನು ಕೇಳುವ ಅಧಿಕಾರಸ್ಥಾನದಲ್ಲಿರುವವರು ಅನೇಕರಿರಬಹುದು. ಅವರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಅರ್ಜೆಂಟೆಂದು ಬರೆಯುವಾಗ, ಆ ಅಂಕಿಯನ್ನು ನೋಡಿ ಯಾವ ನಿರ್ಣಯ ಕೈಗೊಳ್ಳಲಿರುವಿರಿ ಎಂಬುದನ್ನೂ ಒಂದು ಸಾಲಿನಲ್ಲಿ ಬರೆದು ಕಳುಹಿಸಿರಿ; ಆ ಸಾಲು ಹೊಳೆಯದಿದ್ದರೆ ಕೋರಿಕೆಯನ್ನು ನಾಳೆಗೆ ಬಿಡಿರಿ.