ಎದುರು ಟೀಮಲ್ಲಿ ಬೀಗರಿದ್ದರೆ ಕಾಮೆಂಟು ಹೇಗಿರುತ್ತೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಫುಟ್‌ಬಾಲ್ ಅಂದರೆ ಹೈಸ್ಕೂಲಿನ ಪಿಟಿ ಮೇಷ್ಟ್ರ ರೂಮಿನ ಮೂಲೆಯಲ್ಲಿ ಗಾಳಿ ಹೋಗಿ ಬಿದ್ದಿರುವ ಚೆಂಡು. ಕ್ರಿಕೆಟ್, ವಾಲಿಬಾಲ್, ಕಬಡ್ಡಿ ಆಡಿದವರು ಊರಿಗೆ ಹತ್ತು ಜನ ಸಿಗುತ್ತಾರೆ. ಆಫ್‌ಸೈಡ್ ಅಂದರೇನು ಅಂತ ಕೇಳಿದರೆ ಆ ಹತ್ತೂ ಜನ ತಲೆ ಕೆರೆದುಕೊಳ್ಳುತ್ತಾರೆ. ಆದರೆ 2023ರ ಜೂನ್ 21ರ ರಾತ್ರಿ ನಮ್ಮೂರ ಹುಡುಗರ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಫುಟ್‌ಬಾಲ್ ಪಂಡಿತರಾಗಿಬಿಟ್ಟಿದ್ದರು. ಕೊಬ್ಬರಿ ರೇಟು, ಮದುವೆ ಕಾರ್ಡು, ತ್ರೀ ಫೇಸ್ ಕರೆಂಟಿನ ಟೈಮು ಬಿಟ್ಟರೆ ಬೇರೇನೂ ಕಾಣದ ಗ್ರೂಪು ಅದು. ಅವತ್ತು ಮೆಸೇಜು ಓದಿ ಮುಗಿಸೋಕೇ ಆಗಲಿಲ್ಲ.

ಕಾರಣ ನಿಮಗೂ ಗೊತ್ತು. ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ಸ್ಯಾಫ್ ಚಾಂಪಿಯನ್‌ಶಿಪ್, ಎದುರಿಗೆ ಪಾಕಿಸ್ತಾನ. ಮಳೆಯಲ್ಲೂ ಇಪ್ಪತ್ತೆರಡು ಸಾವಿರಕ್ಕಿಂತ ಹೆಚ್ಚು ಜನ. ಹತ್ತನೇ ನಿಮಿಷಕ್ಕೇ ಪಾಕ್ ಗೋಲ್‌ಕೀಪರ್ ಚೆಂಡು ಹಿಡಿತಕ್ಕೆ ತೆಗೆದುಕೊಳ್ಳಲಾಗದೆ ತಡವರಿಸಿದ, ಸುನಿಲ್ ಚೆಟ್ರಿ ನುಗ್ಗಿ ಗೋಲು ಹೊಡೆದರು. ಆಮೇಲೆ ಎರಡು ಪೆನಾಲ್ಟಿ, ಹ್ಯಾಟ್ರಿಕ್. ಉದಾಂತ ಸಿಂಗ್ ಒಂದು ಸೇರಿಸಿದರು. 4-0. ನಡುವೆ ನಮ್ಮ ಕೋಚ್ ಇಗೊರ್ ಸ್ಟಿಮ್ಯಾಕ್, ಥ್ರೋ ಮಾಡಲು ಹೊರಟಿದ್ದ ಪಾಕ್ ಆಟಗಾರನ ಕೈಯಿಂದ ಚೆಂಡು ಕಿತ್ತುಕೊಂಡು ರೆಡ್ ಕಾರ್ಡ್ ತಗೊಂಡರು. ಮರುದಿನ ಅವರೇ ಟ್ವೀಟ್ ಮಾಡಿ, ನಾನು ಯೋಧ, ಬೇಕಾದರೆ ಮತ್ತೂ ಹೀಗೇ ಮಾಡ್ತೀನಿ ಅನ್ನೋ ಧಾಟಿಯಲ್ಲಿ ಬರೆದರು. ಇಷ್ಟು ಸಾಕಲ್ಲ? ಮೀಮು ಶುರುವಾಯಿತು. ನೆರೆದೇಶದ ಹಿಟ್ಟು, ಟೊಮೆಟೊ, ಸಾಲ, ಸೈನ್ಯ ಎಲ್ಲಾ ಬಂತು. ಫುಟ್‌ಬಾಲ್ ಮಾತ್ರ ಬರಲಿಲ್ಲ.

ಗ್ರೂಪಿಗೆ ಬಾರದ ಸುದ್ದಿಗಳು

ಆ ಪಾಕಿಸ್ತಾನ ತಂಡ ವೀಸಾ ತಡವಾಗಿ, ಮಾರಿಷಸ್‌ನಿಂದ ಹೊರಟು ಬೆಂಗಳೂರಿಗೆ ಬಂದಿಳಿದದ್ದು ಪಂದ್ಯದ ದಿನವೇ. ಸರಿಯಾಗಿ ನಿದ್ದೆಯಿಲ್ಲದೆ ರಾತ್ರಿ ಮೈದಾನಕ್ಕಿಳಿದಿದ್ದರು. ಇದು ಯಾರೂ ಫಾರ್ವರ್ಡ್ ಮಾಡಲಿಲ್ಲ.

ಇನ್ನೊಂದು ವಿಷಯ. ಹೊರಗಿನವರ ಹಸ್ತಕ್ಷೇಪ ಅನ್ನುವ ಕಾರಣಕ್ಕೆ ಪಾಕ್ ಫುಟ್‌ಬಾಲ್ ಫೆಡರೇಷನ್ನನ್ನು ಫಿಫಾ 2021ರ ಏಪ್ರಿಲ್‌ನಲ್ಲಿ ಅಮಾನತು ಮಾಡಿ, 2022ರ ಜೂನ್ ಕೊನೆಗೆ ವಾಪಸ್ ತಗೊಂಡಿತ್ತು. ಅದಾಗಿ ಎರಡು ತಿಂಗಳೊಳಗೆ, ಆಗಸ್ಟ್‌ನಲ್ಲಿ, ಹೆಚ್ಚುಕಡಿಮೆ ಅದೇ ಕಾರಣಕ್ಕೆ ಭಾರತದ ಫೆಡರೇಷನ್ನೂ ಅಮಾನತಾಯಿತು. ನಮ್ಮದು ಹನ್ನೊಂದೇ ದಿನಕ್ಕೆ ತೆರವಾಯಿತು, ಅಷ್ಟೇ ವ್ಯತ್ಯಾಸ. ಕ್ರಿಕೆಟ್ಟಿನ ನೆರಳಲ್ಲಿ ಸರಿಯಾಗಿ ಬಿಸಿಲು ಕಾಣದೆ ಬೆಳೆದ ಎರಡು ಸಸಿಗಳು ಇವು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಎರಡೂ ಕಡೆ ಬಡವಾಗಿರೋ ಕೂಸು ಫುಟ್‌ಬಾಲೇ.

ಬೆಂಗಳೂರಿನಲ್ಲಿ ಒಂದೂ ಗೋಲು ಹೊಡೆಯದೆ ಮರಳಿದ ಪಾಕಿಸ್ತಾನ, ಅದೇ ವರ್ಷ ಅಕ್ಟೋಬರ್ 17ರಂದು ಇಸ್ಲಾಮಾಬಾದ್‌ನಲ್ಲಿ ಕಾಂಬೋಡಿಯಾವನ್ನು 1-0ಯಿಂದ ಸೋಲಿಸಿತು. ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಅವರ ಇತಿಹಾಸದ ಮೊದಲ ಗೆಲುವು. ಅದರ ಮೀಮು ನಮ್ಮ ಗ್ರೂಪಿಗೆ ಬರಲಿಲ್ಲ.

ತಾಲ್ಲೂಕು ಟೂರ್ನಮೆಂಟಿನ ಪಾಠ

ನೆರೆಯವರ ಜೊತೆ ಪೈಪೋಟಿ ನಮಗೇನು ಹೊಸದಾ? ನಮ್ಮ ಕಡೆ ಹಬ್ಬ, ಜಾತ್ರೆಗೆ ವಾಲಿಬಾಲ್ ಟೂರ್ನಮೆಂಟ್ ಇಟ್ಟರೆ ತುರುವೇಕೆರೆ ಕಡೆ ಟೀಮಿಗೂ ಚಿಕ್ಕನಾಯಕನಹಳ್ಳಿ ಕಡೆ ಟೀಮಿಗೂ ಫ್ಲಡ್‌ಲೈಟ್ ಕೆಳಗೆ ಮಾತಿನ ಚಕಮಕಿ ಇದ್ದೇ ಇರುತ್ತೆ. ಸರ್ವೀಸ್ ನೆಟ್ಟಿಗೆ ಬಿದ್ದರೆ ಸಾಕು, "ಯಾಕ್ ಭಾವ, ರಾತ್ರಿ ಅಕ್ಕ ಮುದ್ದೆ ಹಾಕ್ಲಿಲ್ವಾ?" ಅಂತ ಕೂಗು. ಇಡೀ ಮೈದಾನ ನಗುತ್ತೆ, ಭಾವನೂ ನಗುತ್ತಾನೆ.

ಗಮನಿಸಿ, ಆ ಕೂಗಿನಲ್ಲೇ ಒಂದು ಕಡಿವಾಣ ಇದೆ. ಆ ಊರಿಗೆ ನಾವು ಹೆಣ್ಣು ಕೊಟ್ಟಿದ್ದೇವೆ, ಈ ಊರಿಂದ ತಂದಿದ್ದೇವೆ. ಬದುವಿನ ಮೇಲಿನ ತೆಂಗಿನ ಮರದ ಕಾಯಿ ಯಾರಿಗೆ ಅಂತ ಸರ್ವೇಯರ್ ಕರೆಸಿ ಜಗಳ ಆಡಿದವರೇ, ಮನೇಲಿ ಸಾವಾದರೆ ಮೊದಲು ಬಂದು ಚಟ್ಟ ಕಟ್ಟೋರು. ನಾಳೆ ಮುಖ ನೋಡಬೇಕಲ್ಲ! ಹಾಗಾಗಿ ನಾಲಿಗೆ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತೆ.

ಫೋನಿನಲ್ಲಿ ಆ 'ನಾಳೆ' ಇಲ್ಲ. ಎದುರಾಳಿಗೆ ಮುಖ ಇಲ್ಲ, ಬೀಗತನ ಇಲ್ಲ. ಸಾಫ್ಟ್‌ವೇರ್ ಕೆಲಸದವನಾಗಿ ಇನ್ನೂ ಒಂದು ಮಾತು ಹೇಳಬಲ್ಲೆ. ಜನ ಯಾವುದಕ್ಕೆ ಹೆಚ್ಚು ಪ್ರತಿಕ್ರಿಯೆ ಕೊಡ್ತಾರೋ ಅದನ್ನೇ ಫೀಡ್ ಮೇಲಕ್ಕೆ ತರುತ್ತೆ. ಸಿಟ್ಟು ಬಂದಾಗ ಬೆರಳು ಬೇಗ ಓಡುತ್ತೆ. ಒಳ್ಳೆಯ ಪಾಸ್ ನೋಡಿ ಕಾಮೆಂಟ್ ಬರೆಯೋರು ಕಡಿಮೆ.

ಶತ್ರು ಯಾರು ಅಂತ ಜೆರ್ಸಿ ಹೇಳುತ್ತೆ

ಈ ಸಿಟ್ಟು ಎಷ್ಟು ಹಗುರ ಅನ್ನೋದಕ್ಕೆ ಅದೇ ವರ್ಷದ, ಅದೇ ಕಂಠೀರವದ ಇನ್ನೊಂದು ಪಂದ್ಯ ನೋಡಿ. ಮಾರ್ಚ್ 3, ಐಎಸ್‌ಎಲ್ ಪ್ಲೇಆಫ್. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್. ಹೆಚ್ಚುವರಿ ಸಮಯದಲ್ಲಿ ಕೇರಳದವರು ಗೋಡೆ ಕಟ್ಟುವ ಮೊದಲೇ ಚೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು. ಗೋಲು ಸಿಂಧು ಅಂದಿದ್ದಕ್ಕೆ ಬ್ಲಾಸ್ಟರ್ಸ್ ಆಟ ಬಿಟ್ಟು ಮೈದಾನದಿಂದ ಹೊರನಡೆಯಿತು, ಆಮೇಲೆ 4 ಕೋಟಿ ರೂಪಾಯಿ ದಂಡವೂ ಬಿತ್ತು. ಕೇರಳದ ಅಭಿಮಾನಿಗಳ ಪಾಲಿಗೆ ಚೆಟ್ರಿ ಆಗ ಮೋಸಗಾರ. ನಾಲ್ಕು ತಿಂಗಳೂ ಆಗಿರಲಿಲ್ಲ, ಪಾಕ್ ವಿರುದ್ಧ ಹ್ಯಾಟ್ರಿಕ್ ಹೊಡೆದಾಗ ಎಲ್ಲರಿಗೂ ಕ್ಯಾಪ್ಟನ್ನು, ದೇಶದ ಹೆಮ್ಮೆ. ಜುಲೈ 4ರ ಫೈನಲ್‌ನಲ್ಲಿ ಕುವೈತ್ ವಿರುದ್ಧ ಚಾಂಗ್ಟೆ ಸಮಬಲದ ಗೋಲು ಹೊಡೆದದ್ದು ಬ್ಲಾಸ್ಟರ್ಸ್‌ನ ಸಹಲ್ ಅಬ್ದುಲ್ ಸಮದ್ ಕೊಟ್ಟ ಪಾಸಿನಲ್ಲಿ. ಪೆನಾಲ್ಟಿ ಶೂಟೌಟ್‌ನಲ್ಲಿ ಭಾರತ 5-4ರಿಂದ ಗೆದ್ದಾಗ ಕಂಠೀರವ ಸಹಲ್‌ನನ್ನೂ ತಬ್ಬಿಕೊಂಡಿತು. ಮನುಷ್ಯರು ಅವರೇ, ಮೈದಾನ ಅದೇ. ಬದಲಾದದ್ದು ಜೆರ್ಸಿ ಬಣ್ಣ.

ಆಟಗಾರರಿಗೆ ಇದು ಗೊತ್ತು. 2021ರ ಕೋಪಾ ಅಮೆರಿಕ ಫೈನಲ್‌ನಲ್ಲಿ ಬ್ರೆಜಿಲ್ ತನ್ನದೇ ಮರಕಾನಾದಲ್ಲಿ ಅರ್ಜೆಂಟೀನಾಗೆ ಸೋತಿತು. ಅತ್ತ ನೇಮರ್, ಸ್ವಲ್ಪ ಹೊತ್ತಿಗೇ ಮೆಸ್ಸಿ ಪಕ್ಕ ಕೂತು ನಗುತ್ತಿದ್ದ. ಹಳೆಯ ಬಾರ್ಸಿಲೋನಾ ಗೆಳೆಯರು. ಅವರಿಗೆ 'ನಾಳೆ' ಇತ್ತು.

ಇದೆಲ್ಲ ಬರೀ ತಮಾಷೆ, ಸೀರಿಯಸ್ ಆಗಬೇಡ ಅನ್ನೋರಿಗೆ 1969 ನೆನಪಿಸಬೇಕು. ಮಧ್ಯ ಅಮೆರಿಕದ ಹೊಂಡುರಾಸ್ ಮತ್ತು ಎಲ್ ಸಾಲ್ವಡಾರ್ ವಿಶ್ವಕಪ್ ಅರ್ಹತೆಗೆ ಜೂನ್‌ನಲ್ಲಿ ಮೂರು ಪಂದ್ಯ ಆಡಿದವು, ಜುಲೈ 14ಕ್ಕೆ ಯುದ್ಧ ಶುರುವಾಯಿತು. ನಾಲ್ಕೇ ದಿನ, ಸಾವಿರಾರು ಹೆಣ. ಹೆಸರು 'ಫುಟ್‌ಬಾಲ್ ಯುದ್ಧ', ನಿಜವಾದ ಜಗಳ ಜಮೀನಿನದು. ಹೊಂಡುರಾಸ್‌ನಲ್ಲಿ ಉಳುಮೆ ಮಾಡುತ್ತಿದ್ದ ಸಾಲ್ವಡಾರ್‌ನವರನ್ನು ಒಕ್ಕಲೆಬ್ಬಿಸುತ್ತಿದ್ದರು. ಚೆಂಡು ಬರೀ ನೆಪ, ಕಡ್ಡಿ ಗೀರಿದ್ದು ಎರಡೂ ಕಡೆಯ ಪತ್ರಿಕೆ, ರೇಡಿಯೋ. ಇವತ್ತು ಆ ಕಡ್ಡಿಪೆಟ್ಟಿಗೆ ನಮ್ಮೆಲ್ಲರ ಜೇಬಿನಲ್ಲಿದೆ.

ಕಳಿಸಬಹುದಾ?

ಪಾಕ್ ಪಂದ್ಯದ ಹೊತ್ತಿಗೆ ನಮ್ಮ ಟೀಮಿನಲ್ಲಿ ದುಬೈನಿಂದ ಕೆಲಸ ಮಾಡುವ ಒಬ್ಬ ಟೆಸ್ಟರ್ ಇದ್ದ, ಕರಾಚಿಯವನು. ಮರುದಿನ ಬೆಳಗ್ಗೆ ಸ್ಟ್ಯಾಂಡಪ್ ಕಾಲ್‌ನಲ್ಲಿ ಅವನೂ ನಾನೂ ಮುಖಾಮುಖಿ. ನಮ್ಮೂರ ಗ್ರೂಪಿಗೆ ಬಂದಿದ್ದ ರಾಶಿ ಮೀಮುಗಳಲ್ಲಿ ಅವನಿಗೆ ಕಳಿಸಬಹುದಾದದ್ದು ಯಾವುದು ಅಂತ ಹುಡುಕಿದೆ. ಒಂದೇ ಒಂದು ಸಿಕ್ಕಿತು, ಸ್ಟಿಮ್ಯಾಕ್ ಚೆಂಡು ಕಸಿಯೋದು. ಕಳಿಸಿದೆ. "ನಿಮ್ಮ ಕೋಚನ್ನ ನಮಗೆ ಕೊಡಿ, ನಮ್ಮ ಹುಡುಗರಿಗೆ ಟ್ಯಾಕ್ಲಿಂಗ್ ಬರಲ್ಲ" ಅಂತ ಅವನ ಉತ್ತರ. ನಾನು ಆ ಪಂದ್ಯದ ಬಗ್ಗೆ ಓದಿದ ಅತ್ಯುತ್ತಮ ಕಾಮೆಂಟ್ ಅದು.

ಅವತ್ತಿನ ಪಂಡಿತರು ಆಮೇಲೆ ಎಲ್ಲಿಗೆ ಹೋದರೋ! 2024ರ ಇಡೀ ವರ್ಷ ಭಾರತ ಒಂದೂ ಪಂದ್ಯ ಗೆಲ್ಲಲಿಲ್ಲ. 2025ರ ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶ ನಮ್ಮನ್ನು 1-0ಯಿಂದ ಸೋಲಿಸಿತು, 22 ವರ್ಷಗಳಲ್ಲಿ ಮೊದಲ ಸಲ. ಗ್ರೂಪಿನಲ್ಲಿ ಅವತ್ತು ಕೊಬ್ಬರಿ ರೇಟಿನದ್ದೇ ಮಾತು. 2018ರಲ್ಲಿ ಚೆಟ್ರಿ ವಿಡಿಯೋ ಮಾಡಿ, ಬೈಯೋದಾದರೂ ಸರಿ, ಮೈದಾನಕ್ಕೆ ಬಂದು ಬೈಯಿರಿ ಅಂತ ಕೈಮುಗಿದದ್ದು ಇಂಥ ಮೌನಕ್ಕೇ. ಅವತ್ತು ಮುಂಬೈ ಜನ ಮಾತು ಕೇಳಿದರು, ಕೆನ್ಯಾ ವಿರುದ್ಧದ ಮುಂದಿನ ಪಂದ್ಯಕ್ಕೆ ಸ್ಟೇಡಿಯಂ ಭರ್ತಿಯಾಯಿತು.

ಪೈಪೋಟಿ ಬೇಡ ಅಂತ ನಾನು ಹೇಳ್ತಿಲ್ಲ. ಕಾಲೆಳೆಯದಿದ್ದರೆ ಆಟಕ್ಕೆ ಉಪ್ಪೇ ಇಲ್ಲ. ಮುಂದಿನ ಸಲ ನೆರೆದೇಶದ ಮೇಲೆ ಮ್ಯಾಚ್ ಇದ್ದಾಗ ಒಂದು ಸಣ್ಣ ಟೆಸ್ಟ್ ಮಾಡಿ. ಸೆಂಡ್ ಒತ್ತುವ ಮೊದಲು ಎದುರು ಟೀಮಿನಲ್ಲಿ ನಿಮ್ಮ ಬೀಗರೊಬ್ಬರು ಇದ್ದಾರೆ, ಬರೋ ಭಾನುವಾರ ಅವರ ಮನೆಯಲ್ಲೇ ಊಟ ಅಂದುಕೊಳ್ಳಿ. ಆಗಲೂ ಕಳಿಸಬಹುದು ಅನಿಸಿದರೆ, ಧಾರಾಳವಾಗಿ ಕಳಿಸಿ.