ಥೈರಾಯ್ಡ್ ರಿಪೋರ್ಟಿನ ಅಂಕಿ, ಕ್ಯಾನ್ಸರಿನ ಅಂಜಿಕೆ

ಮುದಗಲ್, ಲಿಂಗಸುಗೂರು, ಮಸ್ಕಿ, ಸಿಂಧನೂರು ಭಾಗದಲ್ಲಿ ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಗುಳಿಗೆ ನುಂಗುವುದು ಈಗ ಎಷ್ಟೋ ಹೆಣ್ಣುಮಕ್ಕಳಿಗೆ ದಿನದ ಮೊದಲ ಕೆಲಸ. ಬೆಂಗಳೂರೂ ಸೇರಿದಂತೆ ದೇಶದ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ವಯಸ್ಕರಲ್ಲಿ ನೂರಕ್ಕೆ ಸುಮಾರು 11 ಮಂದಿಗೆ ಥೈರಾಯ್ಡ್ ಹಾರ್ಮೋನಿನ ಕೊರತೆ ಕಂಡುಬಂದಿತ್ತು. ‘ಆಂಟಿ-ಟಿಪಿಒ’ ಎಂಬ ಪ್ರತಿಕಾಯ ಇದ್ದವರು ನೂರಕ್ಕೆ ಸುಮಾರು 22. ಈ ಪ್ರತಿಕಾಯ ದೇಹ ತನ್ನದೇ ಥೈರಾಯ್ಡ್ ಗ್ರಂಥಿಯ ವಿರುದ್ಧ ತಯಾರಿಸಿಕೊಂಡದ್ದು. ಅನೇಕ ಲ್ಯಾಬುಗಳು ಇದರ ಮಿತಿಯನ್ನು 34 ಎಂದು ಅಚ್ಚು ಹಾಕುತ್ತವೆ. ರೋಗಿಯ ಅಂಕಿ ಆರು ನೂರೋ ಸಾವಿರವೋ ಇದ್ದರೆ ಅದು ದಪ್ಪಕ್ಷರದಲ್ಲಿ ಬರುತ್ತದೆ. ಆ ಹಾಳೆ ಹಿಡಿದು ಮೊಬೈಲಿನಲ್ಲಿ ಹುಡುಕಿದವರಿಗೆ ‘ಹಾಶಿಮೊಟೊ’ ಎಂಬ ಕಾಯಿಲೆಯ ಹೆಸರೂ ಅದರ ಬೆನ್ನಿಗೇ ‘ಕ್ಯಾನ್ಸರ್’ ಎಂಬ ಶಬ್ದವೂ ಸಿಗುತ್ತವೆ. ಇವೆರಡರ ನಡುವೆ ನಂಟು ಇರುವುದು ನಿಜ. ಆದರೆ ಅದು ಅಂಜಿಸುವ ಬಗೆಯದಲ್ಲ, ಮತ್ತು ಆ ಅಂಕಿಯೊಂದನ್ನೇ ನೋಡಿ ಕ್ಯಾನ್ಸರ್ ಹುಡುಕಲು ಹೊರಡುವುದು ಸರಿಯಲ್ಲ ಎಂಬುದು ನನ್ನ ವಾದ.

ಜಪಾನಿನ ವೈದ್ಯ ಹಕಾರು ಹಾಶಿಮೊಟೊ 1912ರಲ್ಲಿ ನಾಲ್ವರು ಮಹಿಳೆಯರ ಥೈರಾಯ್ಡ್ ಗ್ರಂಥಿಗಳನ್ನು ಪರೀಕ್ಷಿಸಿ ಈ ಕಾಯಿಲೆಯನ್ನು ಮೊದಲು ವಿವರಿಸಿದರು. ಗ್ರಂಥಿಯೊಳಗೆ ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳು ತುಂಬಿಕೊಂಡಿದ್ದವು. ಅದು ದೇಹ ತನ್ನ ಮೇಲೇ ನಡೆಸುವ ದಾಳಿ ಎಂಬುದು ತಿಳಿಯಲು 1956ರವರೆಗೆ ಕಾಯಬೇಕಾಯಿತು. ಆ ವರ್ಷ ಲಂಡನ್ನಿನಲ್ಲಿ ಡೆಬೊರಾ ಡೊನಿಯಾಕ್, ಐವನ್ ರಾಯ್ಟ್ ಮತ್ತು ಸಂಗಡಿಗರು ಇಂಥ ರೋಗಿಗಳ ರಕ್ತದಲ್ಲಿ ಥೈರೊಗ್ಲೋಬುಲಿನ್ ಎಂಬ ಥೈರಾಯ್ಡ್ ಪ್ರೋಟೀನಿನ ವಿರುದ್ಧದ ಪ್ರತಿಕಾಯವನ್ನು ಪತ್ತೆಹಚ್ಚಿದರು. ಅದಕ್ಕೂ ಒಂದು ವರ್ಷ ಮೊದಲೇ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗ್ರಂಥಿಗಳಲ್ಲಿ ಹಾಶಿಮೊಟೊ ಮತ್ತು ಕ್ಯಾನ್ಸರ್ ಜೊತೆಯಾಗಿ ಕಾಣುತ್ತವೆ ಎಂದು ಅಮೆರಿಕದ ವೈದ್ಯರು ಬರೆದಿದ್ದರು. ಅಂಜಿಕೆಯ ಬೇರು ಇರುವುದು ಆ ವರದಿಯಲ್ಲಿ.

ಈ ಜೊತೆಯನ್ನು ಎಲ್ಲಿ ನಿಂತು ಎಣಿಸುತ್ತೇವೆ ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ. 2013ರಲ್ಲಿ ಬಂದ ಒಂದು ವಿಮರ್ಶಾ ಲೇಖನ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಶಸ್ತ್ರಚಿಕಿತ್ಸೆಯಾದ ಗ್ರಂಥಿಗಳನ್ನು ಎಣಿಸಿದ ಅಧ್ಯಯನಗಳಲ್ಲಿ, ಹಾಶಿಮೊಟೊ ಇದ್ದವರ ಪೈಕಿ ನೂರಕ್ಕೆ ಸರಾಸರಿ 27 ಮಂದಿಗೆ ಪ್ಯಾಪಿಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಇತ್ತು. ಸೂಜಿ ಪರೀಕ್ಷೆಗೆ ಬಂದವರನ್ನು ಎಣಿಸಿದ ಅಧ್ಯಯನಗಳಲ್ಲಿ ಅದು ನೂರಕ್ಕೆ ಹೆಚ್ಚುಕಡಿಮೆ ಒಂದು. ಕಾಯಿಲೆ ಅದೇ, ಅಂಕಿ ಮಾತ್ರ ಇಪ್ಪತ್ತು ಪಟ್ಟಿಗೂ ಹೆಚ್ಚು ವ್ಯತ್ಯಾಸ. ಬರೀ ಹಾಶಿಮೊಟೊ ಇದೆಯೆಂದು ಸರ್ಜನ್ನರು ಸಾಮಾನ್ಯವಾಗಿ ಕತ್ತಿಗೆ ಕೈಯಿಡುವುದಿಲ್ಲ, ಅದಕ್ಕೆ ಗುಳಿಗೆ ಸಾಕು. ಕುತ್ತಿಗೆಯ ಗಂಟು ಗಟ್ಟಿಯಾಗಿದ್ದರೆ, ಸ್ಕ್ಯಾನಿನಲ್ಲಿ ಅನುಮಾನ ಬಂದಿದ್ದರೆ ಹೆಚ್ಚಾಗಿ ರೋಗಿ ಆಪರೇಷನ್ ಥಿಯೇಟರಿಗೆ ಹೋಗುವುದು. ಅಂದರೆ ಮೊದಲ ಬಗೆಯ ಅಧ್ಯಯನಗಳು ಎಣಿಸಿದ್ದು ಆಗಲೇ ಜರಡಿ ಹಿಡಿದು ಆರಿಸಿದವರನ್ನು. ಮುದಗಲ್ಲಿನಲ್ಲಿ ಗುಳಿಗೆ ನುಂಗುತ್ತ ಹೊಲಮನೆ ನೋಡಿಕೊಂಡಿರುವ ಹೆಣ್ಣುಮಗಳು ಆ ಗುಂಪಿಗೆ ಸೇರಿದವಳಲ್ಲ.

ಇನ್ನು ಎರಡೂ ಒಟ್ಟಿಗೇ ಬಂದವರ ಮಾತು. ತೆಗೆದ ಗ್ರಂಥಿಯ ತೆಳು ಪದರವನ್ನು ಬಣ್ಣ ಹಾಕಿ ಮೈಕ್ರೋಸ್ಕೋಪಿನಡಿ ಇಟ್ಟರೆ ಒಂದು ಕಡೆ ಪ್ಯಾಪಿಲರಿ ಕ್ಯಾನ್ಸರಿನ ಕೋಶಗಳು ಕಾಣುತ್ತವೆ: ಒಂದರ ಮೇಲೊಂದು ಒತ್ತಿಕೊಂಡ ಕೋಶಕೇಂದ್ರಗಳು, ನಡುವೆ ಖಾಲಿಯೆನ್ನುವಷ್ಟು ತಿಳಿ, ಕೆಲವುದರಲ್ಲಿ ಕಾಫಿ ಬೀಜದ ಸೀಳಿನಂಥ ಗೆರೆ. ಅದರ ಸುತ್ತ ಕಡುನೀಲಿ ಚುಕ್ಕಿಗಳಾಗಿ ಲಿಂಫೊಸೈಟ್‌ಗಳು. ಆ ಚುಕ್ಕಿಗಳು ಗಡ್ಡೆಯ ಅಂಚಿನಲ್ಲಿ ಮಾತ್ರ ಇವೆಯೋ, ಗಡ್ಡೆಯೇ ಇಲ್ಲದ ಆಚೆ ಬದಿಯಲ್ಲೂ ಹರಡಿವೆಯೋ ಎಂದು ಪೆಥಾಲಜಿಸ್ಟರು ನೋಡುತ್ತಾರೆ. ಅಂಚಿನಲ್ಲಷ್ಟೇ ಇದ್ದರೆ ಅವು ಕ್ಯಾನ್ಸರನ್ನು ಕಂಡು ಬಂದವು. ಎಲ್ಲ ಕಡೆ ಇದ್ದರೆ ಹಾಶಿಮೊಟೊ ಮೊದಲಿನಿಂದಲೂ ಇದ್ದದ್ದು. ಹೀಗೆ ಹಾಶಿಮೊಟೊ ಜೊತೆಗಿರುವ ಪ್ಯಾಪಿಲರಿ ಕ್ಯಾನ್ಸರ್ ಸಾಮಾನ್ಯವಾಗಿ ಚಿಕ್ಕದಿರುತ್ತದೆ, ಗ್ರಂಥಿಯ ಹೊರಗೆ ಚಾಚುವುದು ಕಡಿಮೆ, ಮರಳಿ ಬರುವುದೂ ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಕ್ಯಾನ್ಸರನ್ನು ಉಗ್ರಗೊಳಿಸುವ ಬಿಆರ್‌ಎಎಫ್ ಎಂಬ ಜೀನಿನ ದೋಷವೂ ಇಂಥವರಲ್ಲಿ ಕಡಿಮೆ. ಗ್ರಂಥಿಯನ್ನು ಹಾಳುಮಾಡುವ ದಾಳಿಯೇ ಗಡ್ಡೆಯನ್ನೂ ತಡೆಯುತ್ತಿರುವಂತೆ ತೋರುತ್ತದೆ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಥೈರಾಯ್ಡಿಗೆ ಔಷಧಿ ತೆಗೆದುಕೊಳ್ಳುವವರು ಡಾಕ್ಟರ ಬಳಿ ಆಗಾಗ ಹೋಗುತ್ತಾರೆ, ಸ್ಕ್ಯಾನ್ ಮಾಡಿಸುತ್ತಾರೆ, ಹಾಗಾಗಿ ಗಡ್ಡೆ ಚಿಕ್ಕದಿರುವಾಗಲೇ ಸಿಗುತ್ತದೆ. ಇದರಲ್ಲಿ ರೋಗನಿರೋಧಕ ಶಕ್ತಿಯ ಹಿರಿಮೆ ಏನು ಬಂತು? ಈ ಮಾತಿನಲ್ಲಿ ಸಾಕಷ್ಟು ಹುರುಳಿದೆ. ಆದರೆ ಅಷ್ಟರಿಂದಲೇ ಎಲ್ಲವನ್ನೂ ವಿವರಿಸಲಾಗದು. ಗಡ್ಡೆಯೊಳಗೆ ಕ್ಯಾನ್ಸರ್ ಕೋಶವನ್ನು ಕೊಲ್ಲುವ, ಟಿ-ಕೋಶ ಎಂಬ ಬಗೆಯ ಲಿಂಫೊಸೈಟ್‌ಗಳೂ ಇರುತ್ತವೆ, ಅವನ್ನು ತಡೆಹಿಡಿಯುವ ಟಿ-ಕೋಶಗಳೂ ಇರುತ್ತವೆ. ರೋಗನಿರೋಧಕ ವ್ಯವಸ್ಥೆಯ ಇಂಥ ತಡೆಯನ್ನು ತೆಗೆದು ಕ್ಯಾನ್ಸರಿಗೆ ಚಿಕಿತ್ಸೆ ನೀಡುವ ದಾರಿ ಕಂಡುಹಿಡಿದದ್ದಕ್ಕೆ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ಆ ತಡೆಯನ್ನು ಕಿತ್ತುಹಾಕುವ ಔಷಧಿಗಳನ್ನು ಶ್ವಾಸಕೋಶದ ಕ್ಯಾನ್ಸರಿಗೋ ಚರ್ಮದ ಕ್ಯಾನ್ಸರಿಗೋ ಕೊಟ್ಟಾಗ ಪದೇಪದೇ ಪೆಟ್ಟು ತಿನ್ನುವ ಅಂಗಗಳಲ್ಲಿ ಥೈರಾಯ್ಡ್ ಕೂಡ ಒಂದು. ಕ್ಯಾನ್ಸರ್ ಮೇಲಿನ ದಾಳಿಗೂ ಥೈರಾಯ್ಡ್ ಮೇಲಿನ ದಾಳಿಗೂ ಒಂದೇ ಅಂಕುಶ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ. ಹಾಗೆಂದು ಹಾಶಿಮೊಟೊವನ್ನು ರಕ್ಷಾಕವಚ ಎಂದು ನಂಬುವುದೂ ತಪ್ಪು. ಗಡ್ಡೆ ಆ ತಡೆಯನ್ನು ತನಗೆ ಬೇಕಾದಂತೆ ಬಳಸಿಕೊಳ್ಳಬಲ್ಲದು.

ಹಾಗಾದರೆ ಎಲ್ಲರಿಗೂ ಒಮ್ಮೆ ಕುತ್ತಿಗೆ ಸ್ಕ್ಯಾನ್ ಮಾಡಿಸಿಬಿಟ್ಟರೆ ನಷ್ಟವೇನು ಎಂದು ಕೇಳಬಹುದು. ದಕ್ಷಿಣ ಕೊರಿಯಾದಲ್ಲಿ ಬಹಳ ಜನ ಹಾಗೇ ಮಾಡಿಸಿಕೊಂಡರು. 1993ರಿಂದ 2011ರ ಹೊತ್ತಿಗೆ ಅಲ್ಲಿ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರ್ ಹದಿನೈದು ಪಟ್ಟು ಏರಿತು, ಆ ಕ್ಯಾನ್ಸರಿನಿಂದ ಸಾಯುವವರ ಸಂಖ್ಯೆ ಮಾತ್ರ ಬದಲಾಗಲಿಲ್ಲ. ಯಾರಿಗೂ ಕೇಡು ಮಾಡದೆ ಇದ್ದುಬಿಡುತ್ತಿದ್ದ ಗಡ್ಡೆಗಳಿಗಾಗಿ ಸಾವಿರಾರು ಜನ ಗ್ರಂಥಿ ಕಳೆದುಕೊಂಡು ಜೀವನಪೂರ್ತಿ ಗುಳಿಗೆಗೆ ಬಿದ್ದರು. ಕೆಲವರಿಗೆ ಕ್ಯಾಲ್ಸಿಯಂ ಕುಸಿಯಿತು, ಕೆಲವರ ದನಿ ಕೆಟ್ಟಿತು. ನಮ್ಮ ಕಡೆಯ ಕಷ್ಟ ಇದರ ತಿರುಗುಮುರುಗು ಎಂಬುದನ್ನು ಒಪ್ಪುತ್ತೇನೆ. ಲಿಂಗಸುಗೂರಿನ ತಾಲ್ಲೂಕು ಆಸ್ಪತ್ರೆಯಿಂದ ರಾಯಚೂರಿನ ರಿಮ್ಸ್, ಅಲ್ಲಿಂದ ಕಲಬುರಗಿಯ ಕಿದ್ವಾಯಿ ಶಾಖೆ ಅಥವಾ ಬೆಂಗಳೂರು ಎಂದು ಅಲೆಯಬೇಕಾದವರು, ಗಂಟು ಕಣ್ಣಿಗೆ ಕಂಡ ಮೇಲೂ ಸುಗ್ಗಿ ಮುಗಿಯಲಿ ಎಂದು ದಿನ ದೂಡುತ್ತಾರೆ. ಅದಕ್ಕೇ ನೋಡಬೇಕಾದದ್ದು ಗಂಟನ್ನು, ಪ್ರತಿಕಾಯದ ಅಂಕಿಯನ್ನಲ್ಲ. ಗಟ್ಟಿಯಾದ, ಬೆಳೆಯುತ್ತಿರುವ ಗಂಟು, ವಾರಗಟ್ಟಲೆ ಬಿಡದ ಗೊಗ್ಗರು ದನಿ, ನುಂಗಲು ತೊಡಕು, ಕುತ್ತಿಗೆಯ ಬದಿಯಲ್ಲಿ ಊದಿದ ದುಗ್ಧರಸ ಗ್ರಂಥಿ ಇವು ಕಂಡರೆ ಸ್ಕ್ಯಾನ್, ಬೇಕಿದ್ದರೆ ಸೂಜಿ ಪರೀಕ್ಷೆ ತಡಮಾಡದೆ ಆಗಬೇಕು. ಬಹುಕಾಲದ ಹಾಶಿಮೊಟೊ ಇರುವ ವಯಸ್ಸಾದ ಹೆಂಗಸಿನ ಕುತ್ತಿಗೆ ಕೆಲವೇ ವಾರಗಳಲ್ಲಿ ದಪ್ಪವಾದರೆ ಇನ್ನೂ ಬೇಗ. ಲಿಂಫೋಮಾ ಎಂಬ ಅಪರೂಪದ ಕ್ಯಾನ್ಸರ್ ಹಾಗೆ ಬರುತ್ತದೆ.

ಕ್ಯಾನ್ಸರಿನ ಮಟ್ಟಿಗೆ ಪ್ರತಿಕಾಯದ ಅಂಕಿಗೆ ನಿಜವಾದ ಬೆಲೆ ಬರುವುದು ಆಪರೇಷನ್ ಆದ ಮೇಲೆ, ಅದೂ ಟಿಪಿಒ ಪ್ರತಿಕಾಯದ್ದಲ್ಲ, ಥೈರೊಗ್ಲೋಬುಲಿನ್ ವಿರುದ್ಧದ ಪ್ರತಿಕಾಯದ್ದು. ಗ್ರಂಥಿಯನ್ನು ಪೂರ್ತಿ ತೆಗೆದವರಲ್ಲಿ ಕ್ಯಾನ್ಸರ್ ಮರಳಿದೆಯೇ ಎಂದು ತಿಳಿಯಲು ರಕ್ತದ ಥೈರೊಗ್ಲೋಬುಲಿನ್ ಅಳೆಯುತ್ತಾರೆ. ಈ ಪ್ರತಿಕಾಯ ಇದ್ದರೆ ಅದು ಪರೀಕ್ಷೆಗೇ ಅಡ್ಡ ಬಂದು, ಇರುವ ಥೈರೊಗ್ಲೋಬುಲಿನ್ನನ್ನೂ ಇಲ್ಲವೆಂದು ತೋರಿಸಿಬಿಡಬಹುದು. ಇಂಥ ರೋಗಿಗಳಲ್ಲಿ ನಾಲ್ವರಿಗೊಬ್ಬರಷ್ಟು ಜನರಲ್ಲಿ ಈ ತೊಡಕಿದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ಅಳೆಸಬೇಕು, ಪ್ರತಿಸಲವೂ ಒಂದೇ ಲ್ಯಾಬಿನಲ್ಲಿ, ಏಕೆಂದರೆ ಕಿಟ್ ಬದಲಾದರೆ ಅಂಕಿಯೂ ಬದಲಾಗುತ್ತದೆ. ಒಮ್ಮೆ ರಾಯಚೂರಿನಲ್ಲಿ, ಇನ್ನೊಮ್ಮೆ ಸಿಂಧನೂರಿನಲ್ಲಿ ಮಾಡಿಸಿದ ಎರಡು ರಿಪೋರ್ಟುಗಳನ್ನು ಪಕ್ಕಪಕ್ಕ ಇಟ್ಟು ಏರಿತೋ ಇಳಿಯಿತೋ ಎಂದು ಹೇಳಲಾಗದು. ಕಾಯಿಲೆ ವಾಸಿಯಾದವರಲ್ಲಿ ಈ ಪ್ರತಿಕಾಯ ಕೆಲವು ವರ್ಷಗಳಲ್ಲಿ ತಾನಾಗಿ ಇಳಿಯುತ್ತ ಬರುತ್ತದೆ. ಇಳಿದದ್ದು ಮತ್ತೆ ಏರತೊಡಗಿದರೆ, ಥೈರೊಗ್ಲೋಬುಲಿನ್ ಸೊನ್ನೆಯೆಂದು ಬಂದಿದ್ದರೂ ಡಾಕ್ಟರು ಕುತ್ತಿಗೆಯನ್ನು ಸ್ಕ್ಯಾನ್ ಮಾಡಿಸಿಯೇ ನೋಡುತ್ತಾರೆ.