ತಲೆ ಎಣಿಸಿದರೆ ಸಾಲದು, ಒಲೆ ಎಣಿಸಬೇಕು

ಸೊಲ್ಲಾಪುರಕ್ಕೆ ನಾಳೆ ಎಷ್ಟು ಮನೆ ಬೇಕು? ಗಡಿ ಭಾಗದ ಕನ್ನಡ ಕುಟುಂಬಗಳು ಗಮನಿಸಬೇಕಾದ ಲೆಕ್ಕ

ಸೊಲ್ಲಾಪುರ: ಮಂದಿ ಹೆಚ್ಚಾದರೆ ಮನೆ ಹೆಚ್ಚು ಬೇಕು, ಮಂದಿ ಹೆಚ್ಚಾಗದಿದ್ದರೆ ಇದ್ದ ಮನೆಗಳೇ ಸಾಕು ಎಂಬುದು ಸಾಮಾನ್ಯ ತಿಳಿವಳಿಕೆ. ಸೊಲ್ಲಾಪುರದ ಮಟ್ಟಿಗೆ ಈ ಲೆಕ್ಕ ತಾಳೆಯಾಗುವುದಿಲ್ಲ. ಊರು ನಿಧಾನವಾಗಿ ಬೆಳೆದಿದೆ, ಮನೆಯ ತಾಪತ್ರಯ ಮಾತ್ರ ಹಾಗೇ ಉಳಿದಿದೆ. ಯಾಕೆ ಹೀಗೆ ಎಂಬುದನ್ನು ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಇಂಡಿ, ಅಫಜಲಪುರ ಕಡೆಯಿಂದ ಬಂದು ಇಲ್ಲಿ ಬೀಡುಬಿಟ್ಟ ನಮ್ಮ ಮಂದಿ ಒಮ್ಮೆ ಕುಳಿತು ನೋಡಬೇಕಾಗಿದೆ.

ಅಂಕಿಗಳು ಹೇಳುವುದೇನು?

1991ರ ಜನಗಣತಿಯಲ್ಲಿ ಸೊಲ್ಲಾಪುರ ನಗರದ ಜನಸಂಖ್ಯೆ 6 ಲಕ್ಷದ ಆಸುಪಾಸು ಇತ್ತು. 2001ರಲ್ಲಿ ಅದು 8,72,478ಕ್ಕೆ ಏರಿತು. ಈ ಜಿಗಿತ ಪೂರ್ತಿ ನಿಜವಲ್ಲ. 1992ರಲ್ಲಿ ಪಾಲಿಕೆಯ ಹದ್ದು ವಿಸ್ತರಣೆಯಾಯಿತು. ಬಾಳೆ, ಶೆಳಗಿ, ಮಜರೇವಾಡಿ, ಸೋರೇಗಾಂವ, ಕುಮಠೆಯಂಥ ಸುತ್ತಲಿನ ಹಳ್ಳಿಗಳು ನಗರದ ಒಳಗೆ ಬಂದವು. ಇಂದಿಗೂ ಮಂದಿ ಈ ಪ್ರದೇಶವನ್ನು ‘ಹದ್ದವಾಢ ಭಾಗ’ ಅಂತಲೇ ಕರೆಯುತ್ತಾರೆ. ನಗರದ ವಿಸ್ತಾರ 178 ಚದರ ಕಿ.ಮೀ. ದಾಟಿತು. ಊರು ಬೆಳೆದದ್ದಕ್ಕಿಂತ ಗೆರೆ ಬೆಳೆದದ್ದೇ ಹೆಚ್ಚು.

ಮುಂದಿನ ಹತ್ತು ವರ್ಷದಲ್ಲಿ ನಿಜ ಸ್ಥಿತಿ ಕಂಡಿತು. 2011ರಲ್ಲಿ ನಗರದ ಜನಸಂಖ್ಯೆ 9,51,558. ಅಂದರೆ ಹತ್ತು ವರ್ಷಕ್ಕೆ 79,080 ಮಂದಿ ಹೆಚ್ಚಳ, ಶೇ. 9ರಷ್ಟು. ಅದೇ ಅವಧಿಯಲ್ಲಿ ಇಡೀ ಮಹಾರಾಷ್ಟ್ರ ಬೆಳೆದದ್ದು ಶೇ. 16ರ ಹತ್ತಿರ. 1877ರಲ್ಲಿ ಶುರುವಾದ ಜೂನೀ ಮಿಲ್ ಸೇರಿ ಊರಿನ ದೊಡ್ಡ ಬಟ್ಟೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕಲಿತ ಹುಡುಗರು ನೌಕರಿಗೆ ಪುಣೆ ಹಾದಿ ಹಿಡಿದರು. ಊರಿನ ಬೆಳವಣಿಗೆ ತಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ.

ಒಲೆ ಬೇರೆಯಾದರೆ ಮನೆಯೂ ಬೇರೆ

ಜನಗಣತಿಯಲ್ಲಿ ‘ಕುಟುಂಬ’ ಅಂದರೆ ಒಂದೇ ಅಡಿಗೆಮನೆಯಲ್ಲಿ ಉಣ್ಣುವವರು. ಒಂದು ಛಾವಣಿಯ ಕೆಳಗೆ ಇಬ್ಬರು ಅಣ್ಣತಮ್ಮಂದಿರಿದ್ದು ಒಲೆ ಎರಡಾದರೆ ಅದು ಎರಡು ಕುಟುಂಬ. ಮನೆ ಬೇಕಾಗುವುದು ತಲೆಗಲ್ಲ, ಒಲೆಗೆ.

ಒಂದು ಸಾದಾ ಲೆಕ್ಕ ಹಾಕಿ ನೋಡಿ. ತಿಳಿಯಲಿಕ್ಕೆ ಅನುಕೂಲವಾಗಲೆಂದು ಕುಟುಂಬಕ್ಕೆ ಸರಾಸರಿ 5 ಮಂದಿ ಎಂದು ಹಿಡಿದರೆ, 2001ರಿಂದ 2011ರವರೆಗೆ ಹೆಚ್ಚಾದ 79,080 ಮಂದಿಗೆ 16 ಸಾವಿರದಷ್ಟು ಮನೆ ಸಾಕು. ಈಗ ಒಬ್ಬರೂ ಹೊಸಬರು ಬರಲಿಲ್ಲ ಅಂತ ಇಟ್ಟುಕೊಳ್ಳಿ. ಇದ್ದ 9.51 ಲಕ್ಷ ಮಂದಿಯೇ ಮದುವೆ, ಪಾಲು ಅಂತ ಬೇರೆಯಾಗಿ, ಸರಾಸರಿ 5ರಿಂದ 4.5ಕ್ಕೆ ಇಳಿದರೆ ಬೇಕಾಗುವ ಹೆಚ್ಚುವರಿ ಮನೆ 21 ಸಾವಿರ! ಹತ್ತು ವರ್ಷದ ಜನಸಂಖ್ಯೆ ಹೆಚ್ಚಳಕ್ಕಿಂತ ಅರ್ಧ ಮನುಷ್ಯನ ಇಳಿತವೇ ಭಾರಿಯಾಯಿತು.

ಮಗ ಪುಣೆಗೆ ಹೋದರೆ ಇಲ್ಲಿ ಮನೆ ಖಾಲಿಯಾಗುವುದಿಲ್ಲ ಎಂಬುದನ್ನೂ ಮರೆಯಬಾರದು. ಮುದುಕ ತಂದೆ ತಾಯಿ ಇಬ್ಬರೇ ಅದೇ ಮನೆಯಲ್ಲಿ ಉಳಿಯುತ್ತಾರೆ. ತಲೆ ಕಡಿಮೆಯಾಯಿತು, ಒಲೆ ಹಾಗೇ ಇದೆ. ಮುಂದಿನ ಯೋಜನೆಯಲ್ಲಿ ಇಂಥ ವಯಸ್ಸಾದವರ ಲೆಕ್ಕವೂ ಬೇಕು. ಮೂರನೇ ಮಜಲೆಯಲ್ಲಿ ಮನೆ ಕೊಟ್ಟು ಲಿಫ್ಟ್ ಕೊಡದಿದ್ದರೆ ಅವರಿಗೆ ಅದು ಮನೆಯಲ್ಲ, ಬಂದೀಖಾನೆ.

ಕೊರತೆ ಅಂದರೆ ಇಕ್ಕಟ್ಟು

2012ರಲ್ಲಿ ಕೇಂದ್ರ ಸರಕಾರದ ತಾಂತ್ರಿಕ ಸಮಿತಿ ದೇಶದ ನಗರಗಳಲ್ಲಿ 1.88 ಕೋಟಿ ಮನೆಗಳ ಕೊರತೆ ಇದೆ ಎಂದು ಅಂದಾಜು ಮಾಡಿತು. ಅದರಲ್ಲಿ ಬಯಲಿನಲ್ಲಿ ಮಲಗುವವರ ಪಾಲು ಸುಮಾರು 5 ಲಕ್ಷ. ಸುಮಾರು 1.5 ಕೋಟಿಯಷ್ಟು ಕೊರತೆ ಇಕ್ಕಟ್ಟಿನದು. ಅಂದರೆ ಮನೆ ಇದೆ, ಆದರೆ ಮದುವೆಯಾದ ಜೋಡಿಗೆ ಪ್ರತ್ಯೇಕ ಖೋಲಿ ಇಲ್ಲ. ಈ ಕೊರತೆಯ ಶೇ. 95ಕ್ಕೂ ಹೆಚ್ಚು ಪಾಲು ಬಡವರು ಮತ್ತು ಕಡಿಮೆ ಆದಾಯದವರದು. ಅದೇ ಹೊತ್ತಿಗೆ 2011ರ ಗಣತಿಯಲ್ಲಿ ನಗರಗಳಲ್ಲಿ 1.1 ಕೋಟಿ ಮನೆಗಳು ಖಾಲಿ ಕಂಡವು. ಕಟ್ಟುವವರು ಒಬ್ಬರಿಗಾಗಿ ಕಟ್ಟುತ್ತಾರೆ, ಬೇಕಾದವರು ಬೇರೆಯೇ ಇದ್ದಾರೆ.

ಸೊಲ್ಲಾಪುರದ ಹಳೇ ಚಾಳಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹತ್ತು ಫೂಟಿನ ಖೋಲಿಯಲ್ಲಿ ಹಗಲು ಬೀಡಿ ಕಟ್ಟುವುದು, ಸಂಜೆ ಅಡಿಗೆ, ರಾತ್ರಿ ಮಲಗುವುದು. ಕಾರಖಾನೆಯೂ ಅದೇ, ಮನೆಯೂ ಅದೇ.

ಕುಂಭಾರಿ ಕಲಿಸಿದ ಪಾಠ

ಈ ಇಕ್ಕಟ್ಟಿಗೆ ಸೊಲ್ಲಾಪುರದ ದುಡಿಯುವ ಮಂದಿಯೇ ಒಂದು ಉತ್ತರ ಹುಡುಕಿದರು ಎಂಬುದು ಹೆಮ್ಮೆಯ ಮಾತು. ಮಾಜಿ ಶಾಸಕ ನರಸಯ್ಯ ಆಡಂ ಅವರ ಮುಂದಾಳತ್ವದಲ್ಲಿ ಮಹಿಳಾ ಬೀಡಿ ಕಾರ್ಮಿಕರಿಗಾಗಿ ದಕ್ಷಿಣ ಸೊಲ್ಲಾಪುರ ತಾಲೂಕಿನ ಕುಂಭಾರಿ ಬಳಿ ಗೋದೂತಾಯಿ ಪರುಳೇಕರ ಘರಕುಲದ 10 ಸಾವಿರ ಮನೆಗಳು ಎದ್ದವು. 2006ರಲ್ಲಿ ಆಗಿನ ಪ್ರಧಾನಿ ಮನಮೋಹನ ಸಿಂಗ್ ಬೀಗದ ಕೈ ಹಸ್ತಾಂತರಿಸಿದರು. ಅದೇ ಕುಂಭಾರಿಯಲ್ಲಿ ರೇ ನಗರದ 30 ಸಾವಿರ ಮನೆಗಳಿಗೆ 2019ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಅಡಿಗಲ್ಲು ಹಾಕಿದರು. 2024ರ ಜನವರಿ 19ರಂದು ಮೊದಲ 15 ಸಾವಿರ ಮನೆಗಳ ಲೋಕಾರ್ಪಣೆಯಾಯಿತು. ಬೀಡಿ ಕಟ್ಟುವವರು, ಮಗ್ಗದವರು, ಚಿಂದಿ ಆಯುವವರು, ವಾಹನ ಚಾಲಕರು ಇದರ ಫಲಾನುಭವಿಗಳು. ಪ್ರಧಾನಮಂತ್ರಿ ಆವಾಸ ಯೋಜನೆಯಲ್ಲಿ ಮನೆಯೊಂದಕ್ಕೆ ಕೇಂದ್ರದ ಪಾಲು ಒಂದೂವರೆ ಲಕ್ಷ, ರಾಜ್ಯದ ಪಾಲು ಒಂದು ಲಕ್ಷ ರೂಪಾಯಿ. ಉಳಿದದ್ದು ಫಲಾನುಭವಿಯದು.

ಕೆಲಸ ದೊಡ್ಡದು, ಸಂಶಯವಿಲ್ಲ. ಆದರೆ ಯೋಜನೆ ಹಾಕುವವರು ಇಲ್ಲಿಂದ ಎರಡು ಮಾತು ಕಲಿಯಬೇಕು.

ಮೊದಲನೆಯದು ದೂರ. ಕುಂಭಾರಿ ಊರ ನಡುವಿನಿಂದ ಹತ್ತು ಕಿ.ಮೀ. ಆಸುಪಾಸು. ಬೀಡಿ ಕಟ್ಟುವವಳು ಎಲೆ, ತಂಬಾಕು ತಂದು, ಕಟ್ಟಿದ ಬೀಡಿ ತಿರುಗಿ ಒಪ್ಪಿಸಬೇಕು. ಮಗ್ಗದವನ ಪಾಳಿ ರಾತ್ರಿ ಮುಗಿಯುತ್ತದೆ. ಬಸ್ಸಿಗೆ, ರಿಕ್ಷಾಕ್ಕೆ ಕೊಟ್ಟದ್ದೆಲ್ಲ ಪಗಾರದಿಂದಲೇ ಕಡಿತ. ಜಾಗ ಅಗ್ಗ ಸಿಕ್ಕಿತು ಅಂತ ಊರ ಹೊರಗೆ ಕಟ್ಟಿದರೆ ಆ ಅಗ್ಗದ ಬೆಲೆಯನ್ನು ದಿನಾ ತೆರುವವರು ಅಲ್ಲಿ ಇರುವವರೇ. ಮುಚ್ಚಿದ ಗಿರಣಿಗಳ ಜಾಗದಂಥ ಊರೊಳಗಿನ ಭೂಮಿಯ ಯೋಜನೆಯಲ್ಲಿ ಬಡವರ ಮನೆಗೂ ಒಂದು ಪಾಲು ಇರಲಿ ಎಂದು ಕೇಳುವುದು ಅದಕ್ಕೇ.

ಎರಡನೆಯದು ಗಣತಿಯ ಗೆರೆ. ಈ ವಸಾಹತುಗಳನ್ನು ಕಟ್ಟಿದ್ದು ಪಾಲಿಕೆ ಹದ್ದಿನ ಹೊರಗೆ. ದುಡಿಯುವುದು ನಗರದಲ್ಲಿ, ಎಣಿಕೆಯಾಗುವುದು ಹಳ್ಳಿಯಲ್ಲಿ. 30 ಸಾವಿರ ಮನೆ ತುಂಬಿದರೆ ಮನೆಗೆ ನಾಲ್ವರಂತೆ 1 ಲಕ್ಷ 20 ಸಾವಿರ ಮಂದಿ. ಇಷ್ಟು ಮಂದಿಯ ನೀರು, ಗಟಾರು, ಶಾಲೆ, ದವಾಖಾನೆಯ ಭಾರವನ್ನು ಒಂದು ಹಳ್ಳಿಯ ಆಡಳಿತದ ಮೇಲೆ ಬಿಟ್ಟರೆ ಆಗುವ ಮಾತಲ್ಲ.

ಹತ್ತು ಲಕ್ಷದ ಹೊಸ್ತಿಲು

ಈ ಎಣಿಕೆಗೆ ಇನ್ನೊಂದು ಮಹತ್ವವಿದೆ. ಮಹಾರಾಷ್ಟ್ರದ 2020ರ ಏಕೀಕೃತ ಕಟ್ಟಡ ನಿಯಮಾವಳಿಯ ಪ್ರಕಾರ, ಇತ್ತೀಚಿನ ಗಣತಿಯಂತೆ 10 ಲಕ್ಷ ಹಾಗೂ ಮೇಲ್ಪಟ್ಟ ಜನಸಂಖ್ಯೆಯ ಪಾಲಿಕೆಗಳಲ್ಲಿ, 4,000 ಚದರ ಮೀಟರಿಗೆ (ಸುಮಾರು 1 ಎಕರೆ) ಕಡಿಮೆಯಿಲ್ಲದ ಲೇಔಟ್ ಮಾಡುವವರು ಶೇ. 20ರಷ್ಟು ಪಾಲನ್ನು ಬಡ ಹಾಗೂ ಕಡಿಮೆ ಆದಾಯದವರ ಸಣ್ಣ ಪ್ಲಾಟುಗಳಿಗೆ ಮೀಸಲಿಡಬೇಕು. 2011ರ ಗಣತಿಯಂತೆ ಸೊಲ್ಲಾಪುರ ಈ ಹೊಸ್ತಿಲಿಗೆ 48 ಸಾವಿರದಷ್ಟು ಕಡಿಮೆ ಬಿತ್ತು. ಬಡವರನ್ನು ಊರ ಹೊರಗೆ ಸಾಗಿಸಿ, ಆಮೇಲೆ ಊರ ಮಂದಿ ಕಡಿಮೆ ಅಂತ ಬಡವರ ಪಾಲು ತಪ್ಪಿದರೆ ಅದೆಂಥ ನ್ಯಾಯ?

2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ. ಕೇಂದ್ರ ಸರಕಾರ 2025ರ ಜೂನ್‌ನಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಮುಂದಿನ ಗಣತಿಯ ಆಧಾರ ದಿನಾಂಕ 2027ರ ಮಾರ್ಚ್ 1. ಮನೆಪಟ್ಟಿ ಹಂತದಲ್ಲಿ ಖೋಲಿಗಳೆಷ್ಟು, ಮದುವೆಯಾದ ಜೋಡಿಗಳೆಷ್ಟು ಎಂಬ ಪ್ರಶ್ನೆ ಬರುತ್ತದೆ. ಜನರ ಎಣಿಕೆಯಲ್ಲಿ ಮಾತೃಭಾಷೆ ಕೇಳುತ್ತಾರೆ. ಒಲೆ ಬೇರೆಯಿದ್ದರೆ ಬೇರೆ ಅಂತಲೇ ಹೇಳಬೇಕು. ರೇಶನ್ ಕಾರ್ಡ್ ಒಂದೇ ಇದೆ, ಮರ್ಯಾದೆಯ ಪ್ರಶ್ನೆ ಅಂತ ಮುಚ್ಚಿಟ್ಟರೆ ಒಂದು ಮನೆಯ ಬೇಡಿಕೆಯೇ ಕಾಗದದಿಂದ ಮಾಯವಾಗುತ್ತದೆ. ಮನೆಯಲ್ಲಿ ಆಡುವುದು ಕನ್ನಡವಾದರೆ ಕನ್ನಡ ಅಂತ ಬರೆಸಬೇಕು. ಹೊಸ ವಸಾಹತಿನಲ್ಲಿ ಕನ್ನಡ ಶಾಲೆ ಕೇಳುವಾಗ ಕೈಯಲ್ಲಿರುವ ಆಧಾರ ಅದೇ.

ಗುಂಠೆ ಪ್ಲಾಟು: ಕಣ್ಣು ತೆರೆದು ಕೊಳ್ಳಿ

ಯೋಜನೆ ತಡವಾದಾಗ ಮಂದಿ ಕಾಯುವುದಿಲ್ಲ. ಹದ್ದವಾಢ ಭಾಗದಲ್ಲಿ ಒಂದು ಗುಂಠೆ, ಅರ್ಧ ಗುಂಠೆ ಹೊಲ ಕೊಂಡು ಮನೆ ಕಟ್ಟಿದವರಲ್ಲಿ ನಮ್ಮವರೂ ಇದ್ದಾರೆ. ಒಂದು ಗುಂಠೆ ಅಂದರೆ 1,089 ಚದರ ಫೂಟು. ಮೊದಲು ಮನೆ, ಆಮೇಲೆ ರಸ್ತೆ, ಎಷ್ಟೋ ವರ್ಷಕ್ಕೆ ಗಟಾರು. ಇಂಥ ವಸತಿಗಳನ್ನು ಸಕ್ರಮ ಮಾಡಲೆಂದೇ ಮಹಾರಾಷ್ಟ್ರದಲ್ಲಿ 2001ರಲ್ಲಿ ಗುಂಠೇವಾರಿ ಕಾಯ್ದೆ ಬಂತು. 2021ರ ತಿದ್ದುಪಡಿಯಿಂದ 2020ರ ಡಿಸೆಂಬರ್ 31ರವರೆಗಿನ ಗುಂಠೇವಾರಿಗೂ ಅವಕಾಶವಾಯಿತು. ಹಾಗಂತ ಎಲ್ಲವೂ ತಾನಾಗಿ ಸಕ್ರಮವಾಗುವುದಿಲ್ಲ. ಅರ್ಜಿ, ಶುಲ್ಕ, ನಕಾಶೆ ಎಲ್ಲ ಬೇಕು.

ಹೊಸದಾಗಿ ಕೊಳ್ಳುವವರು ಸಾತಬಾರಾ ಉತಾರ, ಎನ್.ಎ. ಆದೇಶ, ಲೇಔಟ್ ಮಂಜೂರಿ ನೋಡಬೇಕು. ಜತೆಗೆ ನಗರ ರಚನಾ ವಿಭಾಗಕ್ಕೆ ಹೋಗಿ ಆ ಜಾಗ ವಿಕಾಸ ನಕಾಶೆಯಲ್ಲಿ ಯಾವುದಕ್ಕಾದರೂ ಮೀಸಲಾಗಿದೆಯೇ ಎಂದು ಬರವಣಿಗೆಯಲ್ಲಿ ಪಡೆಯಬೇಕು. ದಲಾಲನ ಬಾಯಿಮಾತು ಉತಾರವಲ್ಲ.

ನೀರಿಲ್ಲದ ಮನೆ ಮನೆಯಲ್ಲ

ಉಜನಿ ಧರಣದ ಪೈಪ್‌ಲೈನ್, ಭೀಮಾ ನದಿಯ ಟಾಕಳಿ, ಹಿಪ್ಪರಗಾ ಕೆರೆ ಎಂದು ಮೂರು ಕಡೆಯ ನೀರಿದ್ದೂ ನಾಲ್ಕೈದು ದಿನಕ್ಕೊಮ್ಮೆ ನಳ ಬರುವುದನ್ನು ಈ ಊರು ವರ್ಷಗಟ್ಟಲೆ ಕಂಡಿದೆ. ಹತ್ತು ಸಾವಿರ ಮನೆಯ ನಕಾಶೆ ಮಂಜೂರು ಮಾಡುವ ಮೊದಲು ಆ ಮನೆಗಳ ನೀರಿನ ಲೆಕ್ಕ ಮೇಜಿನ ಮೇಲೆ ಇರಬೇಕು. ಹಾಗೆಯೇ ದುಡಿಯಲು ಆರು ತಿಂಗಳು ಬಂದು ಹೋಗುವವರಿಗೆ, ಕಲಿಯಲು ಬರುವ ಹುಡುಗಿಯರಿಗೆ ಸ್ವಂತ ಮನೆಯಲ್ಲ, ಕೈಗೆಟುಕುವ ಬಾಡಿಗೆ ಮನೆ ಬೇಕು. ಆ ಲೆಕ್ಕವೂ ಅದೇ ಮೇಜಿಗೆ ಬರಲಿ.

ಮಹಾರಾಷ್ಟ್ರದ 1966ರ ನಗರ ರಚನಾ ಕಾಯ್ದೆಯಂತೆ 20 ವರ್ಷಕ್ಕೊಮ್ಮೆಯಾದರೂ ವಿಕಾಸ ಯೋಜನೆ ಪರಿಷ್ಕರಣೆಯಾಗಬೇಕು. ಕರಡು ಪ್ರಕಟವಾದಾಗ ಯಾವ ನಾಗರಿಕನೂ ಸೂಚನೆ, ಆಕ್ಷೇಪಣೆ ಬರೆದು ಕೊಡಬಹುದು. ಶಾಲೆಗೆ, ಆಟದ ಮೈದಾನಕ್ಕೆ ಮೀಸಲಿಟ್ಟ ಜಾಗವನ್ನು 10 ವರ್ಷವಾದರೂ ಸರಕಾರ ಸ್ವಾಧೀನಕ್ಕೆ ಪಡೆಯದಿದ್ದರೆ ಮಾಲೀಕ ನೋಟಿಸು ಕೊಟ್ಟು ಮೀಸಲು ಬಿಡಿಸಿಕೊಳ್ಳುವ ಹಾದಿಯೂ ಅದೇ ಕಾಯ್ದೆಯಲ್ಲಿದೆ. ಆದ್ದರಿಂದ ಕರಡಿನ ಪ್ರಕಟಣೆ ಬಂದಾಗ ಓಣಿಗೊಬ್ಬರಾದರೂ ನಕಾಶೆ ಓದಿ ಬರಬೇಕು. ಮರಾಠಿ ಓದಲು ಬರುವ ಮಕ್ಕಳು ನಮ್ಮ ಮನೆಮನೆಯಲ್ಲೂ ಇದ್ದಾರೆ. ಪ್ರಕಟಣೆಯಲ್ಲಿ ಹೇಳಿದ ದಿನ ಮುಗಿಯುವುದರೊಳಗೆ ಅರ್ಜಿ ಕೊಟ್ಟು ಪೋಚು ಪಡೆದರೆ ಅದು ದಾಖಲೆ. ದಿನ ಮುಗಿದ ಮೇಲೆ ಕಟ್ಟೆಯ ಮೇಲೆ ಕುಳಿತು ಆಡಿದ್ದು ಬರೀ ಮಾತು.